ಹೆದರಿದ ಮೇಲೂ ಹೊಡೆಯುದಾ?

ಕಳೆದ ಮಳೆಗಾಲದ ಒಂದು ಭಾನುವಾರ. ಮಂಗಳೂರಿನ ಬಿಜೈಯ ನಮ್ಮ ಮನೆಯ ಊಟದ ಮೇಜಿನ ಸುತ್ತ ಐದು ಜನ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಡುತ್ತಾ ಕೂತಿದ್ದೆವು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ಕಟ್ಟಿ, ದಾಳ ಎಸೆದು ಆಡುವ ಆಟ. ಹೊರಗೆ ಜೋರು ಮಳೆ, ಮೇಜಿನ ಮೇಲೆ ಚೌಕುಳಿ ಹಾಳೆಯಲ್ಲಿ ಬರೆದ ಒಂದು ಗುಹೆ, ಗುಹೆಯೊಳಗೆ ಆರು ದರೋಡೆಕೋರರು. ದರೋಡೆಕೋರರೆಂದರೆ ಅಮ್ಮನ ಚೆನ್ನೆಮಣೆಯ (ಅಳಗುಳಿಮಣೆಯ) ಕೆಂಪು ಕಾಳುಗಳು. ಆಟದ ಗೊಂಬೆಗಳಿಗೆಲ್ಲ ದುಡ್ಡು ಸುರಿಯುವ ಹಂತಕ್ಕೆ ನಾವಿನ್ನೂ ಬಂದಿಲ್ಲ. (ಆಟಿ ತಿಂಗಳು ಮುಗಿದ ಮೇಲೆ ಚೆನ್ನೆಮಣೆ ಮುಟ್ಟಬಾರದು ಅಂತ ಅಮ್ಮ ಹೇಳುತ್ತಲೇ ಇರುತ್ತಾರೆ. ಮಣೆ ಮುಟ್ಟಿಲ್ಲ, ಬರೀ ಕಾಳು ಅಂತ ನಾನು ಹೇಳುತ್ತಲೇ ಇರುತ್ತೇನೆ.) ನಾನು ಡಿಎಂ, ಡಂಜನ್ ಮಾಸ್ಟರ್. ಅಂದರೆ ಕತೆ ಹೇಳುವವನು, ಗುಹೆ ಬರೆಯುವವನು, ಶತ್ರುಗಳ ಪರವಾಗಿ ದಾಳ ಎಸೆಯುವವನು.

ನಮ್ಮ ಗುಂಪಿನಲ್ಲಿ ಬ್ಯಾಂಕ್ ಕೆಲಸದ ಒಬ್ಬ ಗೆಳೆಯ ಇದ್ದಾನೆ. ಮೆತ್ತಗಿನ ಮನುಷ್ಯ. ಹೋಟೆಲಿನಲ್ಲಿ ಸಾಂಬಾರ್ ತಣ್ಣಗಿದ್ದರೆ ಅದನ್ನೂ ಹೇಳದೆ ತಿಂದು ಎದ್ದು ಬರುವವನು. ಆಟದಲ್ಲಿ ಮಾತ್ರ ಅವನು ಆರೂವರೆ ಅಡಿಯ ಬಾರ್ಬೇರಿಯನ್, ಅಂದರೆ ಒರಟು ಕಾಡು ಯೋಧ, ಹೆಸರು ಗುಡುಗಪ್ಪ. ಆವತ್ತು ಗುಹೆಯ ಬಾಯಿಗೆ ಬಂದು ನಿಂತವನು ಕೊಡಲಿ ಬೀಸುತ್ತೇನೆ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ದರೋಡೆಕೋರರ ನಾಯಕನನ್ನು ಬಿಟ್ಟು ಉಳಿದ ಐದು ಕಾಳುಗಳ ಕಡೆ ನೋಡಿ, "ನಿಮ್ಮ ನಾಯಕನ ಕೈ ನೋಡಿ. ನಡುಗ್ತಾ ಉಂಟು. ನೀವು ಯಾರಿಗೋಸ್ಕರ ಸಾಯ್ಲಿಕ್ಕೆ ಹೊರಟದ್ದು?" ಅಂದ. ಮೇಜಿನ ಸುತ್ತ ಎಲ್ಲರೂ ಒಂದು ಕ್ಷಣ ಗಪ್‌ಚುಪ್. ಅವನ ಬಾಯಲ್ಲಿ ಅಂಥ ಮಾತು ಬರುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಇಂಟಿಮಿಡೇಷನ್‌ಗೆ, ಅಂದರೆ ಬೆದರಿಸುವ ಕೌಶಲಕ್ಕೆ, ಇಪ್ಪತ್ತು ಮುಖದ ದಾಳ ಎಸೆದ. 19 ಬಿತ್ತು. ಕರಿಸ್ಮಾ (ವರ್ಚಸ್ಸಿನ ಅಂಕ) 8 ಇರುವ ಬಡಪಾಯಿ, ಅದಕ್ಕೆ ಮೈನಸ್ ಒಂದು, ಅಭ್ಯಾಸದ ಪ್ಲಸ್ ಎರಡು, ಒಟ್ಟು 20. ಯಾವ ಲೆಕ್ಕದಲ್ಲಿ ನೋಡಿದರೂ ಪಾಸ್.

ನಾನು ಹೇಳಿದೆ, "ಅವರಿಗೆ ಹೆದರಿಕೆ ಆಯಿತು."

ಆಮೇಲೆ ನಾಯಕನ ಸರದಿ ಬಂತು. ನಾನು ಅವನ ಕತ್ತಿ ತೆಗೆಸಿ ಗುಡುಗಪ್ಪನಿಗೆ ಹೊಡೆಸಿದೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಗೆಳೆಯ ದಾಳ ಕೈಯಲ್ಲಿ ಹಿಡಿದುಕೊಂಡೇ ಕೇಳಿದ, "ಎಂಥ ಮಾರಾಯ, ಹೆದರಿದ ಮೇಲೂ ಹೊಡೆಯುದಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಆಟ ಮುಂದೆ ಹೋಯಿತು, ಆರೂ ಕಾಳುಗಳು ಸತ್ತವು, ಗೋಳಿಬಜೆ ಖಾಲಿಯಾಯಿತು. ಆದರೆ ಮುಂದಿನ ಮೂರು ವಾರ ಅವನು ಯಾರನ್ನೂ ಬೆದರಿಸಲಿಲ್ಲ. ಸರದಿ ಬಂದಾಗಲೆಲ್ಲ ಒಂದೇ ಮಾತು, "ಕೊಡಲಿ ಬೀಸ್ತೇನೆ." ಒಳ್ಳೆಯ ಮಾತಾಡಿದ, ಒಳ್ಳೆಯ ದಾಳ ಬಿತ್ತು, ನಾನು ಕೊಟ್ಟದ್ದು ಸೊನ್ನೆ. ಮಾತಿಗೆ ಇಲ್ಲಿ ಬೆಲೆ ಇಲ್ಲ ಅಂತ ಕಲಿಸಿಕೊಟ್ಟವನು ನಾನೇ. ಇದು ತಲೆಯಲ್ಲಿ ಕೊರೆಯುತ್ತಾ ಉಳಿಯಿತು.

ಪುಸ್ತಕದಲ್ಲಿ ಏನುಂಟು

ತಪ್ಪನ್ನು ಪುಸ್ತಕದ ಮೇಲೆ ಹಾಕೋಣ ಅಂತ ಆ ರಾತ್ರಿ ಪುಸ್ತಕ ತೆಗೆದೆ. ಸ್ವಲ್ಪ ಮಟ್ಟಿಗೆ ಹಾಕಬಹುದು ಕೂಡ. ನಾವು ಆಡುವುದು ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನ 2014ರ ಐದನೇ ಆವೃತ್ತಿ. ಅದರಲ್ಲಿ ಇಂಟಿಮಿಡೇಷನ್ ಎಂಬ ಕೌಶಲ ಉಂಟು. 'ಫ್ರೈಟನ್ಡ್' ಎಂಬ ಸ್ಥಿತಿಯೂ ಉಂಟು: ಹೆದರಿಸಿದವನು ಕಣ್ಣೆದುರು ಇರುವಷ್ಟು ಹೊತ್ತು ಹೊಡೆತಕ್ಕೆ ಎರಡು ದಾಳ ಎಸೆದು ಕಡಿಮೆ ಬಿದ್ದದ್ದನ್ನೇ ಹಿಡಿಯಬೇಕು, ತಾನಾಗಿ ಅವನ ಹತ್ತಿರ ಹೋಗುವ ಹಾಗಿಲ್ಲ. ಆದರೆ ಈ ಎರಡರ ಮಧ್ಯೆ ಸೇತುವೆ ಇಲ್ಲ. ಹೊಡೆದಾಟದ ನಡುವೆ ಬೆದರಿಸಿ ಗೆದ್ದರೆ ಎದುರಿನವನಿಗೆ ಏನಾಗುತ್ತದೆ ಅಂತ ಪುಸ್ತಕ ನೇರವಾಗಿ ಹೇಳುವುದಿಲ್ಲ, ಡಿಎಂಗೆ ಬಿಟ್ಟಿದೆ. ಡಿಎಂಗಳು ಜಿಪುಣರಾಗುವುದಕ್ಕೆ ಕಾರಣವೂ ಉಂಟು. ಬರ್ಸರ್ಕರ್ ದಾರಿ ಹಿಡಿದ ಬಾರ್ಬೇರಿಯನ್‌ಗೆ 10ನೇ ಲೆವೆಲ್ ಮುಟ್ಟಿದ ಮೇಲೆ ಒಬ್ಬನನ್ನು ಹೆದರಿಸುವ ಶಕ್ತಿ ಸಿಗುತ್ತದೆ. ಮಂತ್ರವಾದಿಗೆ ಅದಕ್ಕೆಂದೇ ಮಂತ್ರ ಬೇಕು. ಹಾಗಿರುವಾಗ 3ನೇ ಲೆವೆಲ್‌ನ ಗುಡುಗಪ್ಪ ಬಾಯಿಮಾತಿನಲ್ಲಿ ಐದು ಜನರನ್ನು ಹೆದರಿಸಿದರೆ ಉಳಿದವರು ಕಷ್ಟಪಟ್ಟದ್ದು ಯಾಕೆ, ಅಲ್ವಾ?

ಬೇರೆ ಪುಸ್ತಕಗಳು ಇಷ್ಟು ಕೈಬಿಟ್ಟಿಲ್ಲ. ನಮ್ಮ ಆಟದ್ದೇ 2003ರ ಮೂರೂವರೆ ಆವೃತ್ತಿಯಲ್ಲಿ ಬೆದರಿಸಿ ಗೆದ್ದರೆ ಎದುರಿನವನು ಒಂದು ಸುತ್ತು ತತ್ತರಿಸುತ್ತಾನೆ, ಹೊಡೆತಕ್ಕೆ ಮೈನಸ್ ಎರಡು. ಇದೇ ಥರದ ಇನ್ನೊಂದು ಆಟ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯಲ್ಲಿ ಇದಕ್ಕೆ 'ಡಿಮಾರಲೈಸ್' ಅಂತ ಹೆಸರೇ ಇದೆ. ಸರದಿಯ ಮೂರು ಕೆಲಸಗಳಲ್ಲಿ ಒಂದನ್ನು ಖರ್ಚು ಮಾಡಿದರೆ ಸಾಕು. ಆದರೆ ಒಬ್ಬನ ಮೇಲೆ ಒಮ್ಮೆ ಪ್ರಯೋಗ ಆದ ಮೇಲೆ ಹತ್ತು ನಿಮಿಷ ಅವನಿಗೆ ನಿಮ್ಮ ಬೆದರಿಕೆ ತಟ್ಟುವುದಿಲ್ಲ. ಇದು ನನಗೆ ತುಂಬ ಇಷ್ಟವಾದ ನಿಯಮ. "ಅಪ್ಪ ಬರ್ಲಿ, ಹೇಳ್ತೇನೆ" ಅಂತ ಅಮ್ಮ ಒಂದು ಸಂಜೆಯಲ್ಲಿ ಎರಡನೇ ಸಲ ಹೇಳಿದಾಗ ನಾವು ಮಕ್ಕಳು ತಲೆಯೂ ಎತ್ತುತ್ತಿರಲಿಲ್ಲ.

ಮೂರೂವರೆಯಲ್ಲಿ ಇನ್ನೂ ಒಂದು ಚಂದದ ಸಂಗತಿ ಇದೆ. ಹೊಡೆದಾಟದ ಹೊರಗೆ ಒಬ್ಬನನ್ನು ಬೆದರಿಸಿ ಮಾತು ಕೇಳಿಸಿಕೊಂಡರೆ, ಅವನು ನಿಮ್ಮೆದುರು ಇರುವಷ್ಟು ಹೊತ್ತು ಗೆಳೆಯನ ಹಾಗೆ ನಡೆದುಕೊಳ್ಳುತ್ತಾನೆ. ನೀವು ಹೋದ ಮೇಲೆ ಒಂದು ಮಾಮೂಲಿ ಆರು ಮುಖದ ದಾಳದ ಹತ್ತು ಪಟ್ಟು, ಅಂದರೆ 10ರಿಂದ 60 ನಿಮಿಷ ಅದು ಉಳಿಯುತ್ತದೆ. ಆಮೇಲೆ ಅವನ ಮನಸ್ಸು ತಿರುಗುತ್ತದೆ, ಮೊದಲಿಗಿಂತ ಕೆಟ್ಟದಾಗಿ. ಬೆದರಿಸಿ ಸಾಲ ವಸೂಲಿ ಮಾಡಿದವರನ್ನು ನೋಡಿದವರಿಗೆ ಈ ಲೆಕ್ಕ ಹೊಸತೇನಲ್ಲ. 2024ರ ಹೊಸ ಪುಸ್ತಕದಲ್ಲಿ ಇನ್‌ಫ್ಲುಯೆನ್ಸ್ ಅಂತ ಒಂದು ಕೆಲಸ ಸೇರಿಸಿದ್ದಾರೆ. ಗುರಿ 15, ಅಥವಾ ಆ ಪ್ರಾಣಿಯ ಬುದ್ಧಿಯ ಅಂಕ, ಯಾವುದು ಜಾಸ್ತಿಯೋ ಅದು. ಎದುರಿನವನಿಗೆ ಖಂಡಿತ ಮನಸ್ಸಿಲ್ಲದಿದ್ದರೆ ದಾಳವನ್ನೇ ಎಸೆಯುವಂತಿಲ್ಲ.

ಆ ಕೊನೆಯ ಮಾತಿನಲ್ಲಿ ನಾನು ಸಿಕ್ಕಿಕೊಂಡೆ. ಹೆದರುವವನಿಗೂ ಒಂದು ಮನಸ್ಸು ಇರುತ್ತದೆ ಅಂತ ಆಯಿತಲ್ಲ. ನಾನು ಆ ದರೋಡೆಕೋರರಿಗೆ ಮನಸ್ಸನ್ನು ಕೊಟ್ಟೇ ಇರಲಿಲ್ಲ. ಅವರು ಕಾಳುಗಳು. ಕತ್ತಿ ಬೀಸಿ ಸಾಯುವುದಕ್ಕೆ ಅಂತಲೇ ಡಬ್ಬಿಯಿಂದ ಹೊರಗೆ ಬಂದವರು.

ನಾಯಿ

ಇದರ ನಡುವೆ ನನಗೆ ನಾಯಿ ಕಚ್ಚಿತು.

ನಮ್ಮ ಓಣಿಯ ನಾಯಿಗಳ ವಿಷಯದಲ್ಲಿ ನಾನು ಪಂಡಿತ ಅಂತ ಅಂದುಕೊಂಡಿದ್ದೆ. ರಾತ್ರಿ ಹತ್ತು ಗಂಟೆಗೆ ಬಸ್ಸಿಳಿದು ಬರುವಾಗ ಮೂರ್ನಾಲ್ಕು ನಾಯಿಗಳು ಬೊಗಳುತ್ತಾ ಬರುತ್ತವೆ. ಆಗ ಕೂಗಬಾರದು, ಓಡಬಾರದು. ಸುಮ್ನೆ ಬಗ್ಗಿ ನೆಲದಿಂದ ಕಲ್ಲು ಹೆಕ್ಕಿದ ಹಾಗೆ ಮಾಡಿದರೆ ಸಾಕು. ಕೈಗೆ ಕಲ್ಲು ಸಿಗಬೇಕಂತಲೂ ಇಲ್ಲ. ನಾವು ಬಗ್ಗಿದ್ದೇ ತಡ, ಅವು ಹತ್ತು ಅಡಿ ಹಿಂದೆ. ಇಂಟಿಮಿಡೇಷನ್ ಅಂದರೆ ಇದೇ, ಖರ್ಚಿಲ್ಲದ್ದು, ಮಾತೂ ಇಲ್ಲದ್ದು. ಪಾತ್‌ಫೈಂಡರ್‌ನಲ್ಲಿ ಎದುರಿನವನಿಗೆ ನಿಮ್ಮ ಭಾಷೆ ಬಾರದಿದ್ದರೆ ಬೆದರಿಕೆಗೆ ಮೈನಸ್ ನಾಲ್ಕು. ಆ ನಿಯಮ ಬರೆದವರು ನಮ್ಮ ಓಣಿಯಲ್ಲಿ ರಾತ್ರಿ ನಡೆದವರಲ್ಲ.

ಆದರೆ ಗಮನಿಸಿ, ಇದು ಕಲ್ಲೇಟು ತಿಂದ ನಾಯಿಗಳಿಗೆ ಮಾತ್ರ. ಎರಡು ತಿಂಗಳ ಮರಿಯ ಮುಂದೆ ಬಗ್ಗಿ ನೋಡಿ, ಬಿಸ್ಕತ್ತು ಕೊಡುತ್ತಾನೆ ಅಂತ ಬಾಲ ಅಲ್ಲಾಡಿಸುತ್ತಾ ಬಂದು ಕೈ ನೆಕ್ಕುತ್ತದೆ. ಬಗ್ಗುವವನ ಬೆನ್ನಿಗೆ ಹಿಂದೆ ಯಾರೋ ಎಸೆದ ಹತ್ತು ಕಲ್ಲುಗಳ ನೆನಪು ಇರುತ್ತದೆ. ಅದು ಎದುರಿನ ತಲೆಯಲ್ಲಿ ಇಲ್ಲದಿದ್ದರೆ ನೀವು ಎಷ್ಟು ಬಗ್ಗಿದರೂ ಬರೀ ಬಗ್ಗಿದ್ದಷ್ಟೆ. ಯಾವತ್ತೂ ಸೋಲದ ರಾಕ್ಷಸನ ಎದುರು ಕೊಡಲಿ ತೋರಿಸುವುದೂ ಹೀಗೆಯೇ ಅಂತ ನನಗೆ ಈಗ ಅನಿಸುತ್ತದೆ.

ಆವತ್ತು ರಾತ್ರಿ ನಾನು ಗೇಟು ತೆಗೆದು ಒಳಗೆ ಬಂದು ಹಿಂದಿನಿಂದ ಚಿಲಕ ಹಾಕಿದೆ. ತಿರುಗಿ ನೋಡಿದರೆ ಬಾವಿಕಟ್ಟೆಯ ಹತ್ತಿರ ಒಂದು ಕಂದು ನಾಯಿ. ಮಳೆಗೆ ಒಳಗೆ ಬಂದು ಮಲಗಿತ್ತೋ ಏನೋ. ಗುರ್ ಅಂದಿತು. ನಾನು ಅಭ್ಯಾಸಬಲದಿಂದ ಬಗ್ಗಿದೆ. ಅದು ಹಿಂದೆ ಸರಿಯಿತು. ಸರಿಯಾಗಿಯೇ ಹೆದರಿತ್ತು, ಬಾಲ ಕಾಲಿನೊಳಗೆ ಹೋಗಿತ್ತು, ಕಿವಿ ಹಿಂದಕ್ಕೆ ಅಂಟಿಕೊಂಡಿತ್ತು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮತ್ತೊಮ್ಮೆ ಬಗ್ಗಿದೆ. ಈಗ ಅದರ ಬೆನ್ನು ಕಾಂಪೌಂಡಿನ ಕೆಂಪುಕಲ್ಲಿಗೆ ತಾಗಿತು. ಒಂದು ಕಡೆ ಬಾವಿ, ಇನ್ನೊಂದು ಕಡೆ ಪಕ್ಕದ ಮನೆಯ ಗೋಡೆ. ತೆರೆದು ಇರುವ ಒಂದೇ ಕಡೆ ನಾನು, ನನ್ನ ಹಿಂದೆ ಚಿಲಕ ಹಾಕಿದ ಗೇಟು. ಹೋಗಲಿಕ್ಕೆ ಜಾಗ ಎಲ್ಲಿ? ಅದು ಬಂದದ್ದು ನೇರ ನನ್ನ ಮೀನಖಂಡಕ್ಕೆ.

ಕಚ್ಚುವಾಗಲೂ ಅದು ಹೆದರಿಯೇ ಇತ್ತು. ಇದನ್ನು ನಾನು ಆಸ್ಪತ್ರೆಯ ಬೆಂಚಿನಲ್ಲಿ ಮೊದಲ ಇಂಜೆಕ್ಷನ್‌ಗೆ ಕಾಯುತ್ತಾ ಕೂತಾಗ ಯೋಚಿಸಿದೆ. ಅದಕ್ಕೆ ಮೊದಲು ಮನೆಯಲ್ಲಿ ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆದಿದ್ದೆ, ಅಷ್ಟು ಬುದ್ಧಿ ಇತ್ತು. ಗೆಳೆಯನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಅವನಿಗೆ ಫೋನ್ ಮಾಡಿ ಹೇಳಿದೆ. ಹೆದರಿದ ಮೇಲೂ ಹೊಡೆಯುತ್ತಾರೆ ಮಾರಾಯ, ಹಿಂದೆ ಗೋಡೆ ಇದ್ದರೆ. ನೀನು ಗುಹೆಯ ಬಾಯಲ್ಲೇ ನಿಂತಿದ್ದೆಯಲ್ಲ, ಆರೂವರೆ ಅಡಿ ಎತ್ತರಕ್ಕೆ. ಆ ಐದು ಜನ ಹೋಗುವುದು ಎಲ್ಲಿಂದ?

ಅವನು ಸ್ವಲ್ಪ ಹೊತ್ತು ಯೋಚಿಸಿ, "ಅದು ಸರಿ. ಆದ್ರೆ ನೀನು ಆವತ್ತು ಅಷ್ಟೆಲ್ಲ ಯೋಚಿಸಿ ಹೊಡೆಸಿದ್ದಲ್ಲ ಅಲ್ವಾ?" ಅಂದ.

ಅಲ್ಲ. ಒಪ್ಪಿಕೊಂಡೆ.

ತೆರೆಯ ಹಿಂದೆ

ನಮ್ಮ ಕಡೆಯವರಿಗೆ ಹೆದರಿಸುವ ಕಲೆಯನ್ನು ಬೇರೆ ಯಾರೋ ಕಲಿಸಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದನ್ನು ನೋಡಿದವರಿಗೆ ಗೊತ್ತು. ರಾಕ್ಷಸ ಸೀದಾ ರಂಗಸ್ಥಳಕ್ಕೆ ಬಂದು ನಿಲ್ಲುವುದಿಲ್ಲ. ಮೊದಲು ತೆರೆ. ತೆರೆಯ ಮೇಲೆ ಕಿರೀಟದ ತುದಿ ಮಾತ್ರ. ಚೆಂಡೆ ಏರುತ್ತಾ ಹೋಗುತ್ತದೆ, ಒಳಗಿನಿಂದ ಅಬ್ಬರ, ತೆರೆ ಸ್ವಲ್ಪ ಇಳಿದು ಮುಖ ಕಂಡ ಹಾಗೆ ಆಗುತ್ತದೆ, ಮತ್ತೆ ಮೇಲೆ. ಚಿಕ್ಕಂದಿನಲ್ಲಿ ನಾನು ಇಷ್ಟಾಗುವ ಹೊತ್ತಿಗೆ ಅಮ್ಮನ ಸೆರಗಿನೊಳಗೆ. ಒಂದು ಸಲ ಮಾವ ನನ್ನನ್ನು ಚೌಕಿಗೆ, ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದರು. ಅದೇ ವೇಷಧಾರಿ ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡು, ಅದು ಉದುರದ ಹಾಗೆ ತುಟಿ ಮುಂದೆ ಮಾಡಿ, ಸ್ಟೀಲ್ ಲೋಟದಿಂದ ಚಾ ಕುಡಿಯುತ್ತಿದ್ದರು. ನನ್ನನ್ನು ನೋಡಿ, "ಯಾವ ಕ್ಲಾಸ್ ಮಗಾ?" ಅಂತ ಕೇಳಿದರು. ಮೂರನೇ ಕ್ಲಾಸ್ ಅಂದೆ. ಹೆದರಿಕೆ ಪೂರ್ತಿ ಹೋಯಿತು ಅಂತ ಅಂದುಕೊಂಡೆ. ಒಂದು ಗಂಟೆಯ ನಂತರ ತೆರೆ ಹಿಡಿದು ಚೆಂಡೆ ಬಾರಿಸಿದಾಗ ಮತ್ತೆ ಸೆರಗಿನೊಳಗೆ.

ಹೆದರಿಕೆಗೆ ಕಾಯುವ ಹೊತ್ತು ಬೇಕು. ನಮ್ಮ ಆಟದಲ್ಲಿ ಅದು ಇರುವುದಿಲ್ಲ. ಬಾಗಿಲು ಒದ್ದು ಒಳಗೆ ನುಗ್ಗಿ, ಒಂದು ಸುತ್ತು ಅಂದರೆ ಆರು ಸೆಕೆಂಡು, ಅಷ್ಟರೊಳಗೆ ಬೆದರಿಸು ಅಂದರೆ ಪಾಪ ಎದುರಿನವನಿಗಾದರೂ ಹೆದರಲಿಕ್ಕೆ ಪುರುಸೊತ್ತು ಬೇಡವಾ? ವಿರಾಟಪರ್ವದ ಉತ್ತರಕುಮಾರನನ್ನು ನೋಡಿ. ಅರಮನೆಯ ಹೆಂಗಸರ ಮುಂದೆ ಕೌರವರನ್ನೆಲ್ಲ ಕೊಚ್ಚಿ ಹಾಕುತ್ತೇನೆ ಅಂದವನು, ಸೇನೆ ಕಣ್ಣಿಗೆ ಬಿದ್ದದ್ದೇ ರಥದಿಂದ ಹಾರಿ ಓಡಿದ. ಆಗ ಅವನನ್ನು ಯಾರೂ ಬೆದರಿಸಿರಲಿಲ್ಲ. ಭೀಷ್ಮ ಹುಬ್ಬು ಕೂಡ ಗಂಟಿಕ್ಕಿರಲಿಲ್ಲ. ರಥ ಹತ್ತಿರ ಹೋಗುತ್ತಾ ಹೋಗುತ್ತಾ ಅವನು ಎಣಿಸುತ್ತಾ ಹೋಗಿರಬೇಕು, ಅಷ್ಟೆ. ಉತ್ತರನ ಪೌರುಷ ಒಲೆಯ ಮುಂದೆ ಅಂತ ನಾವು ಇವತ್ತಿಗೂ ನಗುತ್ತೇವೆ. ಆದರೆ ಆ ಕತೆಯಲ್ಲಿ ಲೆಕ್ಕ ಸರಿಯಾಗಿ ಹಾಕಿದವನು ಅವನೊಬ್ಬನೇ ಅಂತ ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಅಂಗದ ರಾವಣನ ಸಭೆಗೆ ಹೋಗುವುದು ಇನ್ನೊಂದು ಥರ. ತಾಳಮದ್ದಳೆಯಲ್ಲಿ ಆ ಪ್ರಸಂಗಕ್ಕೆ ಜನ ಕಾಯುವುದೇ ಎರಡು ನಾಲಗೆಗಳ ಜಟಾಪಟಿಗೆ. ವೇಷ ಇಲ್ಲ, ಕುಣಿತ ಇಲ್ಲ, ಅಲ್ಲೇ ಹುಟ್ಟುವ ಮಾತು. (ನಮ್ಮ ಆಟವನ್ನು ಮಾವನಿಗೆ ವಿವರಿಸಲು ಹೋಗಿ ಸೋತಾಗ ಕೊನೆಗೆ ಹೇಳಿದ್ದು, ದಾಳ ಹಾಕಿ ಮಾಡುವ ತಾಳಮದ್ದಳೆ ಅಂತ. ಕೂಡಲೇ ಅರ್ಥ ಆಯಿತು ಅವರಿಗೆ. ಭಾಗವತರು ಯಾರು ಅಂತ ಕೇಳಿದರು. ನಾನೇ ಅಂದೆ. ಸ್ವಲ್ಪ ಅನುಮಾನದಿಂದ ನೋಡಿದರು.) ಅಂಗದ ಎಷ್ಟು ಹಂಗಿಸಿದರೂ, ಎಷ್ಟು ಗುಡುಗಿದರೂ, ಅವನ ಮಾತಿನೊಳಗೆ ಒಂದು ಬಾಗಿಲು ಇರುತ್ತದೆ: ಸೀತೆಯನ್ನು ಬಿಟ್ಟುಕೊಡು, ಬದುಕಿಕೋ. ರಾವಣ ಆ ಬಾಗಿಲಿನಿಂದ ಹೋಗಲಿಲ್ಲ, ಅದು ಅವನ ಪ್ರಾರಬ್ಧ. ಆದರೆ ಬಾಗಿಲು ಇತ್ತು.

ಈ ಬಾಗಿಲಿನ ಲೆಕ್ಕ ನಮ್ಮ ಆಟದ ಹಳೆಯ ಪುಸ್ತಕಗಳಿಗೆ ಗೊತ್ತಿತ್ತು. 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಜೀವಿಗೂ 'ಮೊರೇಲ್' ಅಂತ ಒಂದು ಅಂಕ, 2ರಿಂದ 12ರವರೆಗೆ. ಧೈರ್ಯದ ಅಂಕ ಅನ್ನೋಣ. ಗುಂಪಿನಲ್ಲಿ ಮೊದಲ ಸಾವು ಆದಾಗ ಡಿಎಂ ಎರಡು ಮಾಮೂಲಿ ದಾಳ ಎಸೆಯಬೇಕು, ಅರ್ಧ ಗುಂಪು ಬಿದ್ದಾಗ ಇನ್ನೊಮ್ಮೆ. ಧೈರ್ಯದ ಅಂಕಕ್ಕಿಂತ ಜಾಸ್ತಿ ಬಿದ್ದರೆ ಉಳಿದವರು ಓಡುತ್ತಾರೆ ಅಥವಾ ಶರಣಾಗುತ್ತಾರೆ. ಗಾಬ್ಲಿನ್ ಎಂಬ ಸಣ್ಣ ರಾಕ್ಷಸನಂಥ ಜೀವಿಗೆ 7. ಅಸ್ಥಿಪಂಜರಕ್ಕೆ 12, ಎರಡು ದಾಳದಲ್ಲಿ 12ಕ್ಕಿಂತ ಜಾಸ್ತಿ ಬೀಳುವುದೇ ಇಲ್ಲ, ಅಂದರೆ ಅದು ಓಡುವುದೇ ಇಲ್ಲ. ಸತ್ತವನಿಗೆ ಎಂಥ ಹೆದರಿಕೆ. ರಾವಣನಿಗೂ 12 ಇರಬೇಕು. ಇದರಲ್ಲಿ ಆಟಗಾರನ ಮಾತಿಗೂ ಕರಿಸ್ಮಾಕ್ಕೂ ಸಂಬಂಧವೇ ಇಲ್ಲ. ಎದುರಿನವನು ತನ್ನ ಪಕ್ಕದವನು ಬಿದ್ದದ್ದನ್ನು ನೋಡುತ್ತಾನೆ, ಬಾಗಿಲು ನೋಡುತ್ತಾನೆ, ಲೆಕ್ಕ ಹಾಕುತ್ತಾನೆ. ಮುಂದೆ ಮೂರನೇ ಆವೃತ್ತಿಯ ಹೊತ್ತಿಗೆ ಈ ಅಂಕ ಹೋಯಿತು, ಹೆದರಿಸುವವನ ಕೌಶಲ ಬಂತು. ಹೆದರುವವನ ಕಡೆಯಿಂದ ನೋಡುವ ಅಭ್ಯಾಸವೂ ಅದರ ಜೊತೆಗೇ ಹೋಯಿತು ಅಂತ ನನ್ನ ದೂರು.

ಇನ್ನೊಂದು ಚಿಕ್ಕ ಜಗಳ ಉಂಟು, ಮುಗಿಸಿಬಿಡುತ್ತೇನೆ. ಬೆದರಿಸಲಿಕ್ಕೆ ಕರಿಸ್ಮಾ ಯಾಕೆ, ತೋಳಬಲ ಸಾಲದೇ ಅಂತ. 2014ರ ಪುಸ್ತಕವೇ ಐಚ್ಛಿಕ ನಿಯಮದಲ್ಲಿ ಡಿಎಂ ಒಪ್ಪಿದರೆ ಬಲದ ಮೇಲೆ ಬೆದರಿಸಬಹುದು ಅನ್ನುತ್ತದೆ. ನಾನು ಮೊದಲು ಒಪ್ಪುತ್ತಿರಲಿಲ್ಲ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಐವತ್ತು ಕಿಲೋ ಇರಲಿಕ್ಕಿಲ್ಲ, ಬಾಗಿಲಿನಲ್ಲಿ ನೇತಾಡುತ್ತಾ "ದುಂಬು ಪೋಲೆ, ದುಂಬು ಪೋಲೆ" ಅಂದರೆ ತುಂಬಿದ ಬಸ್ಸು ಮುಂದೆ ಸರಿಯುತ್ತದೆ. ಅದು ತೋಳಬಲ ಅಲ್ಲ. ಆದರೆ ಗುಡುಗಪ್ಪನಂಥವನಿಗೆ ಮೈಯೇ ಮಾತು ಅಂತ ಈಗ ಬಿಟ್ಟುಕೊಟ್ಟಿದ್ದೇನೆ. ನಾನು ಓಣಿಯಲ್ಲಿ ಬಗ್ಗಿದ್ದು ಕರಿಸ್ಮಾದಿಂದಲ್ಲವಲ್ಲ.

ಪೆನ್ಸಿಲ್

ಇಂಜೆಕ್ಷನ್ ಕೋರ್ಸ್ ಮುಗಿದ ಮೇಲಿನ ಭಾನುವಾರ ಮತ್ತೆ ಸೇರಿದೆವು. ಈ ಸಲ ಏಳು ಗಾಬ್ಲಿನ್‌ಗಳು, ಹಳೆಯ ಗಣಿಯೊಳಗೆ. ಎಲ್ಲರಿಗೂ ಮೊದಲೇ ಹೇಳಿದ್ದೆ, ಇನ್ನು ಮುಂದೆ ನಾನು 1981ರ ಧೈರ್ಯದ ಅಂಕವನ್ನೂ ಬಳಸುತ್ತೇನೆ, ಯಾರೂ ಸುಮ್ಮನೆ ಸಾಯುವುದಿಲ್ಲ ಅಂತ. ಉಡುಪಿಯಿಂದ ಬರುವ ಗೆಳತಿ ಬಾಣ ಏರಿಸಿದ್ದಳು. ಗೆಳೆಯನ ಸರದಿ ಬಂತು. ಕೊಡಲಿ ಬೀಸ್ತೇನೆ ಅನ್ನುತ್ತಾನೆ ಅಂತ ನಾನು ದಾಳ ಹಿಡಿದೇ ಕಾದೆ. ಅವನು ನಕ್ಷೆಯ ಮೇಲೆ ಬಗ್ಗಿ, ಬೆರಳಿನಿಂದ ಗೋಡೆಗಳನ್ನು ಸವರುತ್ತಾ ಹೋದ.

"ಈ ಗಣಿಗೆ ಹಿಂದೆ ದಾರಿ ಉಂಟಾ?"

ನಾನು ಬರೆದಿರಲಿಲ್ಲ. ನಕ್ಷೆ ನೋಡಿದೆ, ಮೂರು ಕಡೆಯೂ ಗಟ್ಟಿ ಗೆರೆ. ಮುಂದಿನ ಕಡೆ ಗುಡುಗಪ್ಪ. ಗಣಿಯಲ್ಲವಾ, ಗಾಳಿಗಾದರೂ ಒಂದು ಕಿಂಡಿ ಇರಬೇಕು. ರಬ್ಬರ್ ತೆಗೆದು ಉತ್ತರದ ಗೋಡೆಯಲ್ಲಿ ಒಂದು ಚೌಕ ಉಜ್ಜಿ, ಪೆನ್ಸಿಲ್‌ನಿಂದ ಒಂದು ಸಣ್ಣ ದಾರಿ ಎಳೆದೆ. ಒಬ್ಬೊಬ್ಬರೇ ತೆವಳಿಕೊಂಡು ಹೋಗಬಹುದು ಅಂದೆ. ಅವನು ತಲೆಯಾಡಿಸಿ, ಗುಡುಗಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೊಡಲಿಯಿಂದ ಆ ಕಿಂಡಿಯ ಕಡೆ ತೋರಿಸುತ್ತಾನೆ, ಮಾತಿಲ್ಲ, ಅಂದ.

ದಾಳ ಎಸೆದ. ಮೂರು. ಬಲದ ಪ್ಲಸ್ ಐದು ಸೇರಿಸಿ ಎಂಟು. ಬೇಕಾದದ್ದು 15.

"ಗಾಬ್ಲಿನ್‌ಗಳು ನಗುತ್ತವೆ," ಅಂದೆ. ಬೇಜಾರಿನಿಂದಲೇ ಅಂದೆ. ಗೆಳತಿಯ ಬಾಣ ನಗುತ್ತಿದ್ದ ಮೊದಲನೆಯದಕ್ಕೆ ತಾಗಿತು, ಅದು ಬಿತ್ತು. ಮೊದಲ ಸಾವು. ನಾನು ಎರಡು ದಾಳ ಕೈಗೆ ತಗೊಂಡೆ, ಎಲ್ಲರೆದುರು ಎಸೆದೆ. ಐದು, ನಾಲ್ಕು. ಒಂಬತ್ತು. ಏಳಕ್ಕಿಂತ ಜಾಸ್ತಿ.

ಉಳಿದ ಆರು ಕಾಳುಗಳನ್ನು ನಾನು ಒಂದೊಂದಾಗಿ ಆ ಪೆನ್ಸಿಲ್ ದಾರಿಯಲ್ಲಿ ತಳ್ಳಿದೆ. ಗೆಳೆಯ ಕೈಕಟ್ಟಿ ಕೂತು ಪ್ರತಿಯೊಂದನ್ನೂ ನೋಡಿದ. ಕೊನೆಯದು ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಉರುಳಿತು, ಯಾರೂ ಹಿಡಿಯಲಿಲ್ಲ.

ರಾತ್ರಿ ಅಮ್ಮ ಕಾಳುಗಳನ್ನು ಡಬ್ಬಿಗೆ ತುಂಬುವಾಗ ಎಣಿಸಿದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು, 56 ಇರಬೇಕು. 55 ಇತ್ತು. ಸೋಫಾದ ಅಡಿ, ಫ್ರಿಜ್ಜಿನ ಹಿಂದೆ ಎಲ್ಲ ಟಾರ್ಚ್ ಹಾಕಿ ಹುಡುಕಿದೆ, ಸಿಗಲಿಲ್ಲ.